ಅಂಬವ್ವನ ಹೇಸಿಗೆ

ವಡಗೇರಾ ಸುತ್ತಿನ ಹಳ್ಳಿಗಳಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ಅವರು ನೆಟ್ಟಗೆ ಕುರಿಗಾರರ ಅಂಬವ್ವನ ಹಟ್ಟಿಗೆ ಬರುತ್ತಿದ್ದರು. ರಾಶಿ ತೂರುವಾಗ ಹಾರಿದ ಜೋಳದ ಸುಂಕಿರಲಿ, ಗಾಡಿಯ ಗಾಲಿ ಎಬ್ಬಿಸಿದ ಹರಳಿರಲಿ, ಅಂಬವ್ವ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಬಂದವರ ತಲೆಯನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ರೆಪ್ಪೆ ಬಿಡಿಸಿ, ನಾಲಿಗೆಯ ತುದಿಯಿಂದ ಕಣ್ಣನ್ನೊಮ್ಮೆ ಸವರಿ ಕಸ ತೆಗೆದು ಉಗುಳುತ್ತಿದ್ದಳು. ಬಂದವರು ಕಣ್ಣು ಪಿಳಿಪಿಳಿ ಮಾಡಿ, ಬದುಕಿದೆ ತಾಯಿ ಎಂದು ಎದ್ದು ಹೋಗುತ್ತಿದ್ದರು.

“ಮಂದಿ ಕಣ್ಣಾಗ ನಾಲಿಗಿ ಹಾಕ್ತಿ, ಹೇಸಿಗಿ ಬರಂಗಿಲ್ಲೇನ ನಿನಗ?” ಎಂದು ಯಾರಾದರೂ ಕೇಳಿದರೆ ಅವಳು ಕೇಳಿದವರನ್ನೇ ಮೇಲಿಂದ ಕೆಳಗಿನವರೆಗೆ ನೋಡುತ್ತಿದ್ದಳು.

“ಕಣ್ಣಿಗಿ ಯಾಕ ಹೇಸಬೇಕು? ಹೇಸೋದು ಮಂದಿಗಿ.”

ಸುಳ್ಳಲ್ಲ. ಅಂಬವ್ವನಿಗೆ ಮನುಷ್ಯರೆಂದರೆ ಓಕರಿಕೆ. ತಂಬಾಕು ಜಗಿದು ಗುಡಿಯ ಗೋಡೆಗೆ ಉಗುಳುವವರನ್ನು ಕಂಡರೆ ಹೇಸಿಗೆ. ಸತ್ತವರ ಮನೆಯಲ್ಲಿ ಅಳುತ್ತಲೇ ಒಲೆಯ ಮೇಲೇನಿದೆ ಎಂದು ಇಣುಕುವ ಹೆಂಗಸರನ್ನು ಕಂಡರೆ ಹೇಸಿಗೆ. ಗಂಡ ಸತ್ತಾಗ ಮಾತನಾಡಿಸಲು ಬಂದ ನೆಂಟರು ಹೋಗುವಾಗ ಒಂದು ಟಗರು ಹೊಡೆದುಕೊಂಡು ಹೋಗಿದ್ದರಂತೆ, ಅಂದಿನಿಂದ ನೆಂಟರೆಂದರೂ ಹೇಸಿಗೆ. ಎಲ್ಲರಿಗಿಂತ ಹೆಚ್ಚು ಹೇಸಿಗೆ ಊರ ಹಿರಿಯ ಬಸವಂತ್ರಾಯನ ಮೇಲೆ. ನಿಜಾಮನ ದಿನಗಳಲ್ಲಿ ಅವನ ತಲೆಯ ಮೇಲೆ ಕುಚ್ಚಿನ ಕೆಂಪು ಟೊಪ್ಪಿಗೆಯಿತ್ತು. ರಜಾಕಾರರ ಗದ್ದಲದಲ್ಲಿ ಊರ ಹುಡುಗರು ಗಡಿ ದಾಟಿ ಸೋಲಾಪುರದ ಕಡೆ ಓಡಿದಾಗ ಅವನು ಒಳಗಿನಿಂದ ಅಗಳಿ ಹಾಕಿಕೊಂಡು ಕೂತಿದ್ದ. ಹಿಂದೂಸ್ತಾನದ ಫೌಜು ಬಂತು, ಹೈದರಾಬಾದು ಕೂಡಿಕೊಂಡಿತು ಎಂದು ಗೊತ್ತಾದ ಮಾರನೆಯ ದಿನವೇ ಗಾಂಧಿ ಟೊಪ್ಪಿಗೆ ಹಾಕಿಕೊಂಡು ಕಟ್ಟೆಗೆ ಬಂದು, ಸ್ವಾತಂತ್ರ್ಯ ತಂದವನೇ ತಾನು ಎಂಬಂತೆ ಕೂತ.

“ಟೊಪ್ಪಿಗಿ ಬದಲಾತು, ಒಳಗಿನ ಹೇನು ಅವs ಅದಾವ,” ಎಂದು ಅಂಬವ್ವ ಕಟ್ಟೆಯ ಮುಂದೆಯೇ ಅಂದಳು. ಬಸವಂತ್ರಾಯ ಕೇಳಿಸದವನ ಹಾಗೆ ಮೀಸೆ ತೀಡಿಕೊಂಡ. ಆದರೆ ಮರೆಯಲಿಲ್ಲ.

ಅಂಬವ್ವನಿಗೆ ಒಬ್ಬನೇ ಮಗ, ದೇವಿಂದ್ರಪ್ಪ. ಸೊಸೆ ರೇಣಮ್ಮ, ಬಾಯಿಲ್ಲದವಳು. ಇವರಿಬ್ಬರಿಗೆ ಬಹಳ ದಿನ ಮಕ್ಕಳಾಗದೆ, ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳು ಮೌನಮ್ಮ. ಎಲ್ಲರೂ ಮೌನಿ ಎನ್ನುತ್ತಿದ್ದರು. ಅಜ್ಜಿಯನ್ನು ಅವಳು ಆಯಿ ಎಂದು ಕರೆಯುತ್ತಿದ್ದಳು, ಆಯಿಯ ಸೆರಗು ಬಿಟ್ಟು ಹೋಗುತ್ತಿರಲಿಲ್ಲ. ಜಗತ್ತಿನಲ್ಲಿ ಅಂಬವ್ವನಿಗೆ ಹೇಸಿಗೆ ಬರದ ಒಂದೇ ಜೀವವೆಂದರೆ ಅದು.

ಮೌನಿಗೆ ಸಣ್ಣವಳಿದ್ದಾಗಿನಿಂದ ಕಣ್ಣುಜ್ಜುವ ಚಾಳಿ. ಬೇಸಿಗೆ ಬಂತೆಂದರೆ ಕಣ್ಣು ಕೆಂಪಗಾಗಿ ದಾರದಂಥ ಪಿಸುರು ಕಟ್ಟುತ್ತಿತ್ತು. ಎರಡೂ ಮುಷ್ಟಿಯ ಗೆಣ್ಣುಗಳನ್ನು ಕಣ್ಣಿಗೊತ್ತಿ ಬೀಸುಕಲ್ಲು ತಿರುವಿದ ಹಾಗೆ ತಿರುವುತ್ತಿದ್ದಳು. ಕುರಿಗಾರರ ಮನೆ, ಉಣ್ಣೆಯ ಧೂಳು, ಹಿಕ್ಕೆಯ ಧೂಳು, ಯಾರ ಕಣ್ಣು ಕೆರೆಯುವುದಿಲ್ಲ? ಯಾರೂ ಅದನ್ನೊಂದು ಬೇನೆ ಎಂದು ತಿಳಿಯಲಿಲ್ಲ.

ಹನ್ನೊಂದು ತುಂಬುವ ಹೊತ್ತಿಗೆ ಅವಳಿಗೆ ಮರಿ ಬಿಡುವ ಕೆಲಸ ಬಂತು. ಕುರಿಗಳು ಮೇಯಲು ಹೋದಾಗ ಎಳೆ ಮರಿಗಳು ದೊಡ್ಡಿಯಲ್ಲೇ ಉಳಿಯುತ್ತವೆ. ಸಂಜೆ ಹಿಂಡು ಬಂದ ಕೂಡಲೇ ಒಂದೊಂದೇ ಮರಿಯನ್ನು ಎತ್ತಿ ಅದರದರ ತಾಯಿಯ ಕೆಚ್ಚಲಿಗೆ ಬಿಡಬೇಕು. ಇದರ ಕಿವಿ ಕರಿದು, ಅದರ ಹಣೆಗೆ ಬಿಳಿ ಚುಕ್ಕೆ, ಇನ್ನೊಂದರ ಕಾಲಿಗೆ ಕಂದು ಪಟ್ಟೆ, ಕುರಿಗಾರರ ಮಕ್ಕಳಿಗೆ ಇದು ತಮ್ಮ ಕೈಬೆರಳಿನಷ್ಟೇ ಗುರುತು. ಮೌನಿ ತಪ್ಪತೊಡಗಿದಳು. ಕರಿಕಿವಿಯ ಮರಿಯನ್ನು ಬೇರೆ ತಾಯಿಗೆ ಬಿಟ್ಟಳು, ಆ ಕುರಿ ಮೂಸಿ ನೋಡಿ ಹಣೆಯಿಂದ ಗುದ್ದಿ ಮರಿಯನ್ನು ಅತ್ತ ಎಸೆಯಿತು. ಹಾಲಿಲ್ಲದೆ ಮರಿಗಳು ಬಡಕಲಾದವು, ಒಂದೆರಡು ಸತ್ತವು. ದೇವಿಂದ್ರಪ್ಪ ಹಗ್ಗ ತೆಗೆದುಕೊಂಡು ಮಗಳ ಬೆನ್ನ ಮೇಲೆ ಬರೆ ಬರುವ ಹಾಗೆ ಹೊಡೆದ.

“ಅಪ್ಪಾ, ನನಗ ಬರೋಬರಿ ಕಾಣಂಗಿಲ್ಲೋ! ಮರಿ ಮ್ಯಾಲ ಮರಿ ಕಾಣ್ತಾವ!” ಎಂದು ಅವಳು ಕಿರುಚಿದಳು.

ಆಗ ಮಾಡಬೇಕಾದದ್ದು ಒಂದೇ ಎಂದು ಎಲ್ಲರಿಗೂ ಗೊತ್ತಿತ್ತು. ಅಂಬವ್ವ ಬಾಯಿ ಮುಕ್ಕಳಿಸಿದಳು. ಮೊಮ್ಮಗಳ ಎರಡೂ ಕಣ್ಣನ್ನು ನಾಲಿಗೆಯಿಂದ ಮೂಲೆ ಮೂಲೆ ಸವರಿದಳು. ಸುಂಕಿಲ್ಲ, ಹರಳಿಲ್ಲ, ಒಂದು ಎಳೆ ಉಣ್ಣೆ ಕೂಡ ಇಲ್ಲ.

“ಕಣ್ಣಾಗ ಏನೂ ಇಲ್ಲ,” ಎಂದು ಉಗುಳಿ ಎದ್ದಳು. “ಮೈಗಳ್ಳಿ ಆಗ್ಯಾಳ, ಅಷ್ಟss.”

ಅಲ್ಲಿಗೆ ಮಾತು ಮುಗಿಯಿತು. ಆ ಸೀಮೆಯಲ್ಲಿ ಕಣ್ಣಿನ ವಿಷಯಕ್ಕೆ ಅಂಬವ್ವನ ನಾಲಿಗೆ ನುಡಿದ ಮೇಲೆ ಮೇಲ್ಮನವಿ ಇರಲಿಲ್ಲ. ಏಟು ಹೆಚ್ಚಾದವು, ಮೌನಿಯ ಕಣ್ಣೀರು ಹೆಚ್ಚಾಯಿತು, ಕಣ್ಣೀರಿಗೆ ಉಜ್ಜುವುದೂ ಹೆಚ್ಚಾಯಿತು.

ಒಂದು ಸಂಜೆ ರೇಣಮ್ಮ ದೀಪ ಹಚ್ಚಿಟ್ಟಾಗ ಮೌನಿ ಕೇಳಿದಳು, “ಅವ್ವಾ, ನಾಕು ದೀಪ ಯಾಕ ಹಚ್ಚೀದಿ?”

“ನಾಕೆಲ್ಲಿ? ಒಂದ ಅದ.”

ಮೌನಿ ಎಡಗಣ್ಣು ಮುಚ್ಚಿದಳು. “ಈಗ ಎರಡು.” ಬಲಗಣ್ಣು ಮುಚ್ಚಿದಳು. “ಈಗ ನಾಕು. ಒಂದೊಂದಕ್ಕೂ ಕೆಳಗ ಬಾಲ ಅದ.”

ಬಾಯಿಲ್ಲದ ರೇಣಮ್ಮ ಇದನ್ನು ಗಂಡನಿಗೆ ಹೇಳಿದಳು, ಗಂಡ ಕಟ್ಟೆಗೆ ಹೋಗಿ ಬಸವಂತ್ರಾಯನಿಗೆ ಹೇಳಿದ. ಬಸವಂತ್ರಾಯ ಎಂದೂ ಬಾರದವನು ಅಂಬವ್ವನ ಹಟ್ಟಿಗೇ ಬಂದ.

“ಅಂಬವ್ವ, ಖರೇ ಹೇಳು. ಹುಡುಗಿ ಕಣ್ಣಾಗ ಏನರ ಕಸ ಗಿಸ ಅದ ಏನು?”

“ಏನೂ ಇಲ್ಲ.”

“ನೋಡು ಮತ್ತ. ನಾಳಿಗಿ ಮಾತು ತಿರುಗಿಸಬಾರದು.”

“ನನ್ನ ನಾಲಿಗಿ ನಿನ್ನ ಟೊಪ್ಪಿಗಿ ಅಲ್ಲ, ತಿರುಗಿಸಾಕ.”

ಬಸವಂತ್ರಾಯ ಹಲ್ಲು ಕಿರಿದ. ಅವನಿಗೆ ಬೇಕಾದ್ದು ಸಿಕ್ಕಿತ್ತು. ಕಣ್ಣಿನಲ್ಲಿ ಕಸವಿಲ್ಲ, ಅಂಬವ್ವನೇ ಹೇಳಿದ್ದಾಳೆ. ಹುಟ್ಟಿದ್ದು ಹರಕೆಯಿಂದ. ಒಂದು ದೀಪ ನಾಲ್ಕಾಗಿ ಕಾಣುತ್ತದೆ. ಅಂದ ಮೇಲೆ ಅದು ಬೇನೆಯಲ್ಲ, ದೇವರು ಎಂದು ಅವನು ಕಟ್ಟೆಯ ಮೇಲೆ ಸಾರಿದ. ಜನ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ? ಗದ್ದಲದಲ್ಲಿ ಕುರಿ ಕಳೆದುಕೊಂಡವರಿದ್ದರು, ಗಡಿ ದಾಟಿ ಹೋದ ಮಗ ತಿರುಗಿ ಬಾರದ ತಾಯಂದಿರಿದ್ದರು. ಯಾರನ್ನು ಕೇಳಬೇಕೆಂದು ತಿಳಿಯದೆ ಬಾಯಿ ಬಾಯಿ ಬಿಡುತ್ತಿದ್ದವರಿಗೆ ಕೇಳಲು ಒಂದು ಜಾಗ ಸಿಕ್ಕಿತು.

ಬೀರಪ್ಪನ ಗುಡಿಯೊಳಗೆ ಕರಿ ಕಂಬಳಿ ಹಾಸಿ ಮೌನಿಯನ್ನು ಕೂರಿಸಿದರು. ಮುಂದೊಂದು ದೀಪ. ಬಸವಂತ್ರಾಯ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಒಂದು ಚಿಟಿಕೆ ತೆಗೆದು ಅವಳ ಎರಡೂ ರೆಪ್ಪೆಗಳ ಮೇಲೆ ಉದುರಿಸುತ್ತಿದ್ದ. ಮೊದಲೇ ಕೆರೆಯುವ ಕಣ್ಣು. ಹುಡುಗಿ ತಡೆಯಲಾರದೆ ಮುಷ್ಟಿಯಿಂದ ಗಸಗಸ ಉಜ್ಜುತ್ತಿದ್ದಳು. ಅವಳು ಉಜ್ಜಿದರೆ ಸಾಕು, ದೇವರು ಬಂದ ಎಂದು ಡೊಳ್ಳು ಬಾರಿಸುತ್ತಿದ್ದರು. ಉಜ್ಜುವುದು ನಿಲ್ಲಿಸಿದರೆ ದೇವರು ಹೋಗಿಬಿಡುತ್ತಾನೆಂದು ಮತ್ತೊಂದು ಚಿಟಿಕೆ. ಆಮೇಲೆ, “ದೀಪದ ಬಾಲ ಯಾ ಕಡಿ ಅದ, ತಾಯಿ?” ಎಂದು ಕೇಳುವುದು, ಅವಳು ಬೆರಳು ಮಾಡಿದ ಕಡೆ ಕಳೆದ ಕುರಿ ಇದೆ ಎಂದು ಬಸವಂತ್ರಾಯ ಬಿಡಿಸಿ ಹೇಳುವುದು. ಕಾಯಿ, ಬೆಲ್ಲ, ಹೋಳಿಗೆ ಬಂದು ಬೀಳುತ್ತಿದ್ದವು. ದೇವಿಂದ್ರಪ್ಪ ಕುರಿಗಳನ್ನು ಹೆಂಡತಿಗೆ ಒಪ್ಪಿಸಿ, ಗುಡಿಯ ಕಂಬಕ್ಕೆ ಒರಗಿ ಕೂತು ಬೆಲ್ಲ ಮೆಲ್ಲುತ್ತಿದ್ದ. ತೋಳಕ್ಕೆ ಹಿಂಡು ಒಪ್ಪಿಸಿದವನಿಗೂ ಇವನಿಗಿಂತ ಹೆಚ್ಚು ನಾಚಿಕೆ ಇರುತ್ತದೆ.

ಅಂಬವ್ವ ಒಂದು ದಿನ ಗುಡಿಗೆ ಬಂದು ಇದನ್ನೆಲ್ಲ ಕಣ್ಣಾರೆ ನೋಡಿದಳು. ಮೌನಿಯ ರೆಪ್ಪೆಗಳು ಊದಿ ಹಣ್ಣಾಗಿದ್ದವು, ಕೆನ್ನೆಯ ಮೇಲೆ ಹಳದಿ ಕೆಸರು ಇಳಿಯುತ್ತಿತ್ತು. ಆ ಕೆಸರನ್ನು ಒಬ್ಬ ಮುದುಕಿ ಬೆರಳಿನಿಂದ ತೆಗೆದು ತೀರ್ಥವೆಂದು ನೆಕ್ಕಿಕೊಂಡಳು. ಅಂಬವ್ವ ಕೂಗಿ ಕರೆದಾಗ ಮೌನಿ ಆ ದನಿ ಹಿಡಿದು ಕೈ ಚಾಚಿದಳು.

“ಆಯಿ, ಕಣ್ಣು ಸುಡಾಕತ್ಯಾವ. ನನಗ ದೇವರು ಗೀವರು ಏನೂ ಕಾಣಂಗಿಲ್ಲ. ದೀಪ ಅಷ್ಟss ಕಾಣ್ತಾವ.”

ಅಂಬವ್ವ ಗುಡಿಯ ಹಿಂದೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು. ಹಾದಿಹೋಕರ ಕಣ್ಣಿನ ಪಿಸುರಿಗೂ ಹೇಸದವಳು. ಬಾಯಿ ಒರೆಸಿಕೊಂಡು ಬಂದು ಮಗನ ಎದೆಯ ಮೇಲಿನ ಅಂಗಿ ಹಿಡಿದಳು.

“ಮಗಳನ್ನ ಮಾರ್ಕೊಂಡು ತಿನ್ನಾಕತ್ತಿ, ಥೂ! ನಿನ್ನ ಹೆತ್ತ ಹೊಟ್ಟಿಗಿ ಬೆಂಕಿ ಬೀಳಲಿ!”

“ನನಗ್ಯಾಕ ಬೈತೀದಿ?” ಅಂದ ದೇವಿಂದ್ರಪ್ಪ. “ಕಣ್ಣಾಗ ಏನೂ ಇಲ್ಲಂತ ಹೇಳಿದಾಕಿ ನೀನ ಅಲ್ಲೇನು?”

ಅಂಬವ್ವ ಅಂಗಿ ಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತನ್ನ ಬಾಯಿಯ ಮೇಲೆಯೇ ಹೇಸಿಗೆ ಬಂತು.

ಬಸವಂತ್ರಾಯ ಇನ್ನೊಂದು ಹೆಜ್ಜೆ ಮುಂದೆ ಹೋದ. ಬರುವ ಅಮಾವಾಸ್ಯೆಗೆ ಮೌನಿಗೆ ಪಟ್ಟ ಕಟ್ಟುವುದು, ಪಟ್ಟ ಕಟ್ಟಿದ ಮೇಲೆ ಹುಡುಗಿ ಗುಡಿಯಲ್ಲೇ ಇರಬೇಕು, ಊರ ಸೀಮೆ ದಾಟಬಾರದು, ದಿನವೂ ಕಣ್ಣಿಗೆ ಭಂಡಾರ ಬೀಳಬೇಕು ಎಂದು ಗೊತ್ತುಮಾಡಿದ. ಒಮ್ಮೆ ಪಟ್ಟವಾದರೆ ಆ ಎರಡು ಕಣ್ಣುಗಳ ಕತೆ ಮುಗಿದ ಹಾಗೆ ಎಂದು ಅಂಬವ್ವನಿಗೆ ತಿಳಿಯಿತು.

ಆ ವಾರ ಶರೀಫಾಬೀ ಊರಿಗೆ ಬಂದಳು. ಅದೇ ಊರಿನ ಮಗಳು, ಯಾದಗಿರಿಯ ದವಾಖಾನೆಯಲ್ಲಿ ಆಯಾ ಆಗಿದ್ದಳು. ಗುಡಿಯ ಬಾಗಿಲಿನಿಂದ ಮೌನಿಯನ್ನು ನೋಡಿ ನೆಟ್ಟಗೆ ಅಂಬವ್ವನ ಹಟ್ಟಿಗೆ ಬಂದು ಬಾಗಿಲು ಹಾಕಿದಳು.

“ಅಕ್ಕಾ, ಏನ್ ನಡಸೀರಿ ಇದು? ಹೈದರಾಬಾದಿನಿಂದ ಕಣ್ಣಿನ ದೊಡ್ಡ ಡಾಕ್ಟರ್ ಬಂದಾರ. ಅಮಾಸಿ ತನಕ ಇರ್ತಾರ. ನಾ ಬ್ಯಾನಿ ಹೆಸರು ಹೇಳಾಕಿ ಅಲ್ಲ, ಆದ್ರ ಆ ಕೂಸಿನ ಕಣ್ಣು ನೋಡಿ ನನ್ನ ಎದಿ ಝಲ್ ಅಂತು. ಕರ್ಕೊಂಡು ಬಾ.”

ಅಂಬವ್ವ ಕಟ್ಟೆಗೆ ಹೋಗಿ, ಮುಖದ ಮೇಲೆ ಇಲ್ಲದ ಭಕ್ತಿ ತಂದುಕೊಂಡು, ಪಟ್ಟಕ್ಕೆ ಮುಂಚೆ ಹುಡುಗಿಗೆ ಭೀಮೆಯ ಹೊಳೆಸ್ನಾನ ಆಗಬೇಕಲ್ಲವೇ ಎಂದು ಕೇಳಿದಳು. ಬಸವಂತ್ರಾಯ ಹಿರಿಹಿರಿ ಹಿಗ್ಗಿದ. ಈ ಮುದುಕಿಯೂ ದಾರಿಗೆ ಬಂದಳು ಎಂದುಕೊಂಡ. ಅಮಾವಾಸ್ಯೆಯ ಹಿಂದಿನ ದಿನ ಅಜ್ಜಿ ಮೊಮ್ಮಗಳು ಹೊಳೆಗೆ ಹೋದರು. ಬೇಸಿಗೆಯ ಭೀಮೆ, ಮೊಣಕಾಲುದ್ದ ನೀರು. ಸ್ನಾನ ಮಾಡಿದ್ದು ಹೌದು, ಆಮೇಲೆ ಆಚೆ ದಡ ಹತ್ತಿ ಯಾದಗಿರಿಯ ಹಾದಿ ಹಿಡಿದರು.

ಡಾಕ್ಟರು ಉರ್ದುವಿನಲ್ಲಿ ಮಾತನಾಡಿದರು. ನಿಜಾಮನ ಸೀಮೆಯಲ್ಲಿ ಹುಟ್ಟಿ ಅಂಬವ್ವನಿಗೆ ಉರ್ದು ಬರದೆ ಇರುತ್ತದೆಯೇ? ಅವರು ಮೌನಿಗೆ ಕೆಳಗೆ ನೋಡು ಎಂದರು. ಕೆಳಗೆ ನೋಡಿದಾಗ ಎಡಗಣ್ಣಿನ ಗುಡ್ಡೆ ಕೆಳರೆಪ್ಪೆಯನ್ನು ಮುಂದಕ್ಕೆ ಒತ್ತಿ ಚೂಪು ಮಾಡಿತು. ಆಮೇಲೆ ಒಂದು ದುಂಡು ಹಲಗೆ ತೆಗೆದರು. ಅದರ ಮೇಲೆ ಒಂದರೊಳಗೊಂದು ಕಪ್ಪು ಬಿಳಿ ಉಂಗುರಗಳು, ನಡುವೆ ನೋಡಲು ಕಿಂಡಿ. ಮೊದಲು ಶರೀಫಾಬೀಯ ಕಣ್ಣಿನೆದುರು ಹಿಡಿದು, ಬಂದು ನೋಡು ಎಂದು ಅಂಬವ್ವನನ್ನು ಕರೆದರು. ಶರೀಫಾಬೀಯ ಕಣ್ಣಿನ ಮೇಲೆ ಉಂಗುರಗಳು ಬಳೆಯಷ್ಟು ದುಂಡಗೆ ಮೂಡಿದ್ದವು. ಮೌನಿಯ ಕಣ್ಣಿನ ಮೇಲೆ ಅವೇ ಉಂಗುರಗಳು ಕಾಲಲ್ಲಿ ತುಳಿದ ಬಳೆಗಳ ಹಾಗೆ ಸೊಟ್ಟಪಟ್ಟವಾಗಿ ಕೆಳಕ್ಕೆ ಜಗ್ಗಿದ್ದವು.

“ಕಣ್ಣಿನ ಮುಂದಿನ ಗಾಜಿನಂಥ ಪೊರೆ ದುಂಡಗೆ ಇರಬೇಕು,” ಎಂದರು ಡಾಕ್ಟರು. “ಇವಳದು ತೆಳ್ಳಗಾಗಿ ಚೂಪಾಗಿ ಮುಂದೆ ಬರುತ್ತಿದೆ. ಅದಕ್ಕೇ ಒಂದು ದೀಪ ನಾಲ್ಕಾಗಿ ಕಾಣುವುದು. ದೊಡ್ಡವರಲ್ಲಿ ಇದು ನಿಧಾನ. ಮಕ್ಕಳಲ್ಲಿ ಬಹಳ ಬೇಗ ಕೆಡುತ್ತದೆ. ಕಣ್ಣು ಉಜ್ಜುತ್ತಾಳೋ?”

ಅಂಬವ್ವನಿಗೆ ತೊಗಲಿನ ನೀರಚೀಲ ನೆನಪಾಯಿತು. ತಿಕ್ಕಿ ತಿಕ್ಕಿ ಸವೆದ ಕಡೆಯೇ ಚೀಲ ಉಬ್ಬುತ್ತದೆ. “ಉಜ್ಜತಾಳ್ರಿ,” ಎಂದಳು. “ಉಜ್ಜಲಿ ಅಂತ ಡೊಳ್ಳು ಬಡೀತಾರ.”

“ಕಣ್ಣಿಗೆ ಏನೇನು ಹಾಕಿದ್ದೀರಿ?”

“ಭಂಡಾರ. ಆಡಿನ ಹಾಲು. ಮತ್ತ... ನನ್ನ ನಾಲಿಗಿ.”

ಡಾಕ್ಟರ ಮುಖ ಹುಳಿ ಮಾವು ಕಚ್ಚಿದಂತಾಯಿತು. “ಛೀ! ನಾಲಿಗೆಯೇ? ಆ ಕೊಳಕನ್ನು ಕಣ್ಣೊಳಗೆ?” ಎಂದು ಹಿಂದೆ ಸರಿದು ಕೈ ತೊಳೆದುಕೊಂಡರು. ಊರನ್ನೆಲ್ಲ ಛೀ ಎಂದವಳಿಗೆ ಒಬ್ಬರು ಛೀ ಎಂದದ್ದು ಅದೇ ಮೊದಲು. ಅಂಬವ್ವನ ಕಿವಿ ಕಾದವು. ನಾಲ್ಕು ಮಾತು ತಿರುಗಿಸಿ ಕೊಡಬೇಕೆಂದು ಬಾಯಿ ತೆರೆದಳು, ಮೌನಿಯ ಮುಖ ನೋಡಿ ಮುಚ್ಚಿದಳು.

ಡಾಕ್ಟರು ಒಂದು ಕಪ್ಪು ತಗಡು ತಂದರು, ನಡುವೆ ಸೂಜಿ ಮೊನೆಯಷ್ಟು ತೂತು. ಮೇಣದ ಬತ್ತಿ ಹಚ್ಚಿ, ಆ ತೂತಿನಿಂದ ನೋಡು ಎಂದು ಮೌನಿಗೆ ಹೇಳಿದರು. ಮೌನಿ ಕಣ್ಣಿಟ್ಟಳು. “ಒಂದss ಅದ,” ಎಂದಳು. ಸೊಟ್ಟ ಗಾಜಿನ ಒಂದು ಚುಕ್ಕೆಯಿಂದಷ್ಟೇ ಬೆಳಕು ಒಳಗೆ ಹೋದರೆ ಬಿಂಬ ಒಡೆಯುವುದಿಲ್ಲ, ಒಳಗಿನ ಕಣ್ಣು ಚೆನ್ನಾಗಿದೆ ಎಂದು ಇದರಿಂದ ಗೊತ್ತಾಗುತ್ತದೆ ಎಂದು ಡಾಕ್ಟರು ಹೇಳಿದರು. ಕನ್ನಡಕ ಇವಳಿಗೆ ಸಾಲದು. ಹೈದರಾಬಾದಿಗೆ ಕರೆತಂದರೆ ಕಣ್ಣಿನ ಅಚ್ಚು ತೆಗೆದು, ಕಣ್ಣಿನ ಮೇಲೆಯೇ ಕೂರುವ ಗಾಜಿನ ಚಿಪ್ಪು ಮಾಡಿಸಬಹುದು. ಅದು ಬೇನೆಯನ್ನು ವಾಸಿ ಮಾಡುವುದಿಲ್ಲ, ನೋಟ ಕೊಡುತ್ತದೆ. ಅದಕ್ಕಿಂತ ಮೊದಲು ಉಜ್ಜುವುದು ನಿಲ್ಲಬೇಕು. ಕೆರೆತ ಬಂದರೆ ತಣ್ಣೀರ ಬಟ್ಟೆ, ಕೊಟ್ಟ ಹನಿ, ಮತ್ತೇನೂ ಇಲ್ಲ.

“ನನ್ನ ನಾಲಿಗಿಗಿ ಯಾಕ ತಿಳೀಲಿಲ್ರಿ?” ಎಂದು ಅಂಬವ್ವ ಕೇಳಿದಳು.

“ನಾಲಿಗೆ ಕಸ ಹುಡುಕುತ್ತದೆ. ಇಲ್ಲಿ ಕಸವಿಲ್ಲ. ಕಣ್ಣಿನ ಆಕಾರವೇ ಕೆಟ್ಟಿದೆ.”

ಆ ದಿನ ಶರೀಫಾಬೀಯ ಮನೆಯಲ್ಲಿ ಉಳಿದು ಮಾರನೆಯ ದಿನ ಹೊಳೆ ದಾಟಿದರೆ, ಈಚೆ ದಡದಲ್ಲಿ ಬಸವಂತ್ರಾಯ, ದೇವಿಂದ್ರಪ್ಪ, ಡೊಳ್ಳಿನವರು ಕಾದು ನಿಂತಿದ್ದರು. ಹುಡುಗಿಯನ್ನು ಹೆಗಲ ಮೇಲೆ ಎತ್ತಿಕೊಂಡು ನೆಟ್ಟಗೆ ಗುಡಿಗೇ ನಡೆದರು. ಅಂಬವ್ವ ಹಿಂದೆ ಓಡಿದಳು. ಹೊರಗೆ ಸುಡುವ ಮಧ್ಯಾಹ್ನ, ಗುಡಿಯೊಳಗೆ ಕತ್ತಲು, ದೀಪ, ಬೆವರಿನ ನಾತ, ಕಾಲಿಡಲು ಜಾಗವಿಲ್ಲದಷ್ಟು ಜನ. ಬಸವಂತ್ರಾಯ ಭಂಡಾರದ ಬಟ್ಟಲಿಗೆ ಬೆರಳು ಹಾಕಿದ. ಅಂಬವ್ವ ಜನರನ್ನು ಮೊಣಕೈಯಿಂದ ತಿವಿದು ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು.

“ಇದು ಬ್ಯಾನಿ. ಡಾಕ್ಟರ್ ನೋಡ್ಯಾರ. ಕೂಸಿನ ಕಣ್ಣಿನ ಗಾಜು ಸೊಟ್ಟ ಆಗೇದ. ಭಂಡಾರ ಹಾಕಿದ್ರ, ಉಜ್ಜಿದ್ರ ಹೋಗೇಬಿಡ್ತದ.”

“ಕಣ್ಣಾಗ ಏನೂ ಇಲ್ಲಂತ ನಿನ್ನ ನಾಲಿಗಿ ಹೇಳಿತ್ತಲ್ಲ?” ಬಸವಂತ್ರಾಯ ಜನರತ್ತ ತಿರುಗಿದ. “ಕೇಳ್ರೆಪ್ಪಾ! ಎಲುಬಿಲ್ಲದ ನಾಲಿಗಿ, ಹ್ಯಾಂಗ ಬೇಕಾದ್ರೂ ಹೊಳ್ಳತದ!”

“ನನ್ನ ನಾಲಿಗಿಗಿ ಕಸ ಅಷ್ಟss ತಿಳಿತದ. ಇದು ತಿಳೀಲಿಲ್ಲ. ತಪ್ಪು ಹೇಳ್ದೆ, ಏನೀಗ?” ಎಂದಳು ಅಂಬವ್ವ. ಜನ ಗುಜುಗುಜು ಎಂದರು, ಆದರೆ ಯಾರೂ ಅಲುಗಲಿಲ್ಲ. ಮೊದಲು ಹೇಳಿದ್ದನ್ನು ನಂಬಿದವರು ಈಗ ಹೇಳಿದ್ದನ್ನು ನಂಬಲು ತಯಾರಿರಲಿಲ್ಲ. ನಂಬಿಕೆಗೆ ಅದರಲ್ಲಿ ಲಾಭವಿರಲಿಲ್ಲ.

ಎಡೆಗೆಂದು ತಂದ ಮುತ್ತಲದ ಒಣ ಎಲೆಗಳು ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಅಂಬವ್ವ ಒಂದನ್ನೆಳೆದುಕೊಂಡಳು. ಬಾಗಿಲ ಬಳಿಯ ಬೇಲಿಯಿಂದ ಜಾಲಿಮುಳ್ಳು ಮುರಿದು ತಂದು ಎಲೆಯ ನಡುವೆ ಚುಚ್ಚಿ ತೆಗೆದಳು.

“ಮೌನಿ, ಎಡಗಣ್ಣಿಲೆ ಎಷ್ಟು ದೀಪ?”

“ನಾಕು.”

“ನಾಕು! ನಾಕು!” ಎಂದು ಡೊಳ್ಳಿನವನು ಕೋಲೆತ್ತಿದ.

“ನಿನ್ನ ಡೊಳ್ಳು ಹರೀಲಿ, ಸುಮ್ಮನಿರು!” ಅಂಬವ್ವ ಎಲೆಯನ್ನು ಮೊಮ್ಮಗಳ ಕಣ್ಣಿನೆದುರು ಹಿಡಿದಳು. “ಈಗ?”

ಮೌನಿ ತೂತು ಹುಡುಕಿಕೊಂಡಳು. “ಒಂದss.”

ಎಲೆ ತೆಗೆದಳು. ನಾಲ್ಕು. ಇಟ್ಟಳು. ಒಂದು. ಡೊಳ್ಳಿನವನು ಎತ್ತಿದ ಕೋಲು ಇಳಿಸಿದ.

“ನಿನ್ನ ಮೈಲಿಗಿ ಕೈ ತಾಗಿ ದೇವರು ಸಿಟ್ಟಾಗಿ ಹೋದ,” ಎಂದ ಬಸವಂತ್ರಾಯ.

“ಹೋದ? ತಡಿ, ಮತ್ತ ಕರೀತೀನಿ.” ಎಲೆ ತೆಗೆದಳು. “ಬಂದ ನೋಡು.” ಎಲೆ ಇಟ್ಟಳು. “ಹೋದ ನೋಡು. ಎಲಿ ತಗದರ ಬರ್ತಾನ, ಇಟ್ರ ಹೋಗ್ತಾನ. ಇವ ದೇವರೋ, ನಿಮ್ಮ ಮನಿ ನಾಯಿಯೋ? ಜಾಲಿಮುಳ್ಳಿಗಿ ಹೆದರಿ ಓಡೋ ದೇವರಿಗಿ ಪಟ್ಟ ಕಟ್ತೀರಿ, ಥೂ ನಿಮ್ಮ!”

ಯಾರೋ ಕಿಸಕ್ಕೆಂದರು. ಮೌನಿ ಎಲೆಯನ್ನು ತನ್ನ ಕೈಗೆ ತೆಗೆದುಕೊಂಡು ಮೆಲ್ಲಗೆ ಸುತ್ತ ತಿರುಗಿದಳು, ಬಾಗಿಲಿನ ಬೆಳಕು ಬಿದ್ದಿದ್ದ ಕಂಬದ ಕಡೆ ಎಲೆ ನಿಲ್ಲಿಸಿದಳು.

“ಆಯಿ,” ಎಂದಳು ಗಟ್ಟಿಯಾಗಿ, “ಅಪ್ಪ ಬೆಲ್ಲ ತಿನ್ನಾಕತ್ಯಾನ.”

ದೇವಿಂದ್ರಪ್ಪನ ಒಂದು ದವಡೆ ಉಬ್ಬಿಯೇ ಇತ್ತು. ಗುಡಿಗೆ ಗುಡಿಯೇ ನಕ್ಕಿತು. ನಗು ಬಂದ ಮೇಲೆ ಭಕ್ತಿ ಎಲ್ಲಿ ನಿಲ್ಲುತ್ತದೆ? ಬಸವಂತ್ರಾಯ ಟೊಪ್ಪಿಗೆ ಸರಿಮಾಡಿಕೊಂಡು, ಪಂಚಾಯಿತಿ ಕೆಲಸವಿದೆ ಎಂದು ಜಾರಿದ.

ಊರು ತಿದ್ದಿಕೊಂಡಿತೆಂದು ತಿಳಿಯಬೇಡಿ. ಹಳದಿ ಕೆಸರು ನೆಕ್ಕಿದ ಮುದುಕಿ ಅಂದೇ ಸಂಜೆ ಹಟ್ಟಿಗೆ ಬಂದು ತಾನು ಕೊಟ್ಟ ತೆಂಗಿನಕಾಯಿ ವಾಪಸು ಕೇಳಿದಳು. ನಿನ್ನೆ ತಾಯಿ ಎಂದು ಕಾಲು ಹಿಡಿದವರು ಇಂದು ಅರಗಣ್ಣಿ ಎಂದು ಕೂಗಿದರು. ಮಗನನ್ನು ಕಳೆದುಕೊಂಡವರಿಗಾದರೂ ಒಂದು ಆಸೆಯಿತ್ತು, ಅದನ್ನೂ ಕಸಿದಳು ಈ ಮುದುಕಿ ಎಂದರು. ಆ ಮಾತೊಂದಕ್ಕೆ ಮಾತ್ರ ಅಂಬವ್ವ ಎದುರು ಬೈಯಲಿಲ್ಲ.

ಆಮೇಲಿನ ಕೆಲಸ ಬಸವಂತ್ರಾಯನಿಗಿಂತ ಕಷ್ಟದ್ದು. ಕೆರೆತ ಗುಡಿ ಬಿಟ್ಟು ಬಂದರೂ ಬಿಡಲಿಲ್ಲ. ಮೌನಿ ಬೇಡಿಕೊಳ್ಳುತ್ತಿದ್ದಳು, “ಒಂದss ಸಲ, ಆಯಿ, ಒಂದss ಸಲ ಉಜ್ಜತೀನಿ.” ಅಂಬವ್ವ ಮಣ್ಣಿನ ಗಡಿಗೆಯ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಕಣ್ಣಿಗಿಡುತ್ತಿದ್ದಳು. ಮಲಗುವಾಗ ಹುಡುಗಿಯ ಮುಷ್ಟಿಗಳಿಗೆ ಹಳೆ ಸೀರೆಯ ಚೀಲ ತೊಡಿಸಿ ಕಟ್ಟುತ್ತಿದ್ದಳು. ಕಂಬಳಿ ಹೊರಗೆ ಹಾಕಿ ದುಪ್ಪಟಿ ಹಾಸಿದಳು, ಕುರಿಗಳ ಹತ್ತಿರ ಬಿಡಲಿಲ್ಲ. ಕೂಸಿನ ಕೈ ಕಟ್ಟುವ ರಾಕ್ಷಸಿ ಎಂದು ನೆರೆಯವರು ಅಂದರು. ಕಣ್ಣಿಗೆ ಚೂರು ಬಿದ್ದ ಕಲ್ಲೊಡೆಯುವವನು ಬಂದಾಗ ದವಾಖಾನೆಗೆ ಹೋಗು ಎಂದಳು, ಸೊಕ್ಕು ಬಂದಿದೆ ಎಂದು ಅವನೂ ಬೈದು ಹೋದ. ದೇವಿಂದ್ರಪ್ಪ ಯಾರ ಮುಖವನ್ನೂ ನೋಡದೆ ಮತ್ತೆ ಕುರಿ ಹಿಂದೆ ಹೊರಟ. ಹೈದರಾಬಾದಿಗೆ ಹೊರಡುವ ದಿನ ಹೇಳದೆ ಕೇಳದೆ ಗಾಡಿ ಹೂಡಿ ಯಾದಗಿರಿ ಸ್ಟೇಶನ್ನಿನವರೆಗೆ ಬಂದ. ಅಂಬವ್ವ ಅವನ ಜೊತೆ ಮಾತನಾಡಲಿಲ್ಲ. ಮೌನಿ ಮಾತನಾಡಿದಳು.

ಹೈದರಾಬಾದಿನಲ್ಲಿ ಕಣ್ಣಿನ ಅಚ್ಚು ತೆಗೆದು ಮುಂಬಯಿಗೆ ಕಳುಹಿಸಿದರು. ಎಡಗಣ್ಣಿನ ನಟ್ಟನಡುವೆ ಆಗಲೇ ಬಿಳಿ ಕಲೆ ಬಿದ್ದಿತ್ತು, ಉಜ್ಜಿದ್ದಕ್ಕೆ ಮತ್ತು ಭಂಡಾರಕ್ಕೆ. ಅದಕ್ಕೆ ಗಾಜು ಹೆಚ್ಚು ಕೆಲಸ ಮಾಡದು, ದೊಡ್ಡವಳಾದ ಮೇಲೆ ನೋಡೋಣ ಎಂದರು ಡಾಕ್ಟರು. ಅಂಬವ್ವ ಗೋಡೆಯ ಕಡೆ ತಿರುಗಿ, ಬಸವಂತ್ರಾಯನಿಂದ ಹಿಡಿದು ತನ್ನವರೆಗೆ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈದಳು. ಬಲಗಣ್ಣು ಉಳಿದಿತ್ತು. ಈಗ ಇದ್ದದ್ದು ಅದೊಂದೇ, ಅದು ಕಂಡರೆ ಕಂಡಿತು.

ಚಿಪ್ಪು ಬಂದ ದಿನ ಮೌನಿ ಕುರ್ಚಿಯ ಕೈ ಹಿಡಿದು ಕೂತಳು. ಡಾಕ್ಟರು ಚಿಪ್ಪಿಗೆ ನೀರು ತುಂಬಿ, ಅವಳನ್ನು ಬಗ್ಗಿಸಿ, ರೆಪ್ಪೆ ಅಗಲಿಸಿ ಕೂರಿಸಿದರು. ಅವಳು ಚೀರಿದಳು, ಕೈ ಕಣ್ಣಿಗೆ ಹಾರಿತು. ಅರ್ಧದಲ್ಲೇ ನಿಂತಿತು. ತಾನೇ ಇಳಿಸಿಕೊಂಡಳು. ನೀರು ಸೋರುವ ಕಣ್ಣನ್ನು ಒಂದೆರಡು ಸಲ ಮಿಟುಕಿಸಿ ತಲೆಯೆತ್ತಿದಳು. ಎದುರಿಗೆ ಅಂಬವ್ವ ನಿಂತಿದ್ದಳು, ಎರಡೂ ಕೈಯಲ್ಲಿ ಸೆರಗಿನ ತುದಿ ಹಿಂಡಿಕೊಂಡು. ಮೌನಿ ನೋಡೇ ನೋಡಿದಳು. ಮುಖ ನೋಡಿದಳು, ಕೈ ನೋಡಿದಳು, ಸೆರಗು ನೋಡಿದಳು. ಆಮೇಲೆ ಅವಳ ಮೂಗು ಸೊಟ್ಟಗಾಯಿತು.

“ಛೀ, ಆಯಿ! ನಿನ್ನ ಸೆರಗಿನ ತುಂಬ ಸಿಂಬಳ ಮೆತ್ತೇದ!”

ಅಂಬವ್ವ ಸೆರಗು ಬಿಡಿಸಿ ನೋಡಿದಳು.

“ಅದು ನಿಂದ, ಹಲಕಟ್!” ಎಂದು ಅವಳು ನಕ್ಕಳು. ದವಾಖಾನೆಯ ನರ್ಸು ಬಂದು ಗದರಿಸಿದರೂ ನಗು ನಿಲ್ಲಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ. ಮೌನಿ ಮಾತ್ರ ಇನ್ನೂ ಮೂಗು ಮುರಿದುಕೊಂಡು ಆ ಸೆರಗನ್ನೇ ನೋಡುತ್ತಿದ್ದಳು.